ಫೇಲಾದವರೇ ದೊಡ್ಡವರಾಗುತ್ತಾರಾ? ಆರ್.ಕೆ. ನಾರಾಯಣ್ ಬದುಕಿನಲ್ಲಿ ಫಾರ್ವರ್ಡ್ ಬಿಟ್ಟುಬಿಡುವ ಭಾಗ

ಫಲಿತಾಂಶದ ದಿನ ಹತ್ತಿರ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಪರೀಕ್ಷೆಯಲ್ಲಿ ಫೇಲಾಗಿ ಮುಂದೆ ಹೆಸರು ಮಾಡಿದವರ ಪಟ್ಟಿ ಅದು. ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಓದುಗರೊಬ್ಬರು ಇಂಥದ್ದೇ ಒಂದನ್ನು ನಮಗೆ ಕಳಿಸಿದ್ದರು. ಪಟ್ಟಿಯಲ್ಲಿ ಐನ್‌ಸ್ಟೈನ್ ಇದ್ದರು, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಕೂಡ ಇದ್ದರು. ಮಗಳು ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ, ಗಣಿತ ಕೈಕೊಟ್ಟಿದೆ ಅಂತ ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆಯೂ ಇಲ್ಲ, ಇದನ್ನು ಅವಳಿಗೆ ತೋರಿಸಬಹುದಾ, ಇದೆಲ್ಲ ನಿಜವಾ ಎಂದು ಅವರು ಕೇಳಿದ್ದರು.

ಚಿಕ್ಕದಾಗಿ ಹೇಳುವುದಾದರೆ, ನಾರಾಯಣ್ ಫೇಲಾಗಿದ್ದು ನಿಜ. ಫೇಲಾಗಿದ್ದರಿಂದಲೇ ದೊಡ್ಡವರಾದರು ಅನ್ನುವುದು ನಿಜವಲ್ಲ. ಫೇಲಾದ ದಿನಕ್ಕೂ ಹೆಸರು ಬಂದ ದಿನಕ್ಕೂ ನಡುವೆ ಸುಮಾರು ಹತ್ತು ವರ್ಷ ಇವೆ. ಫಾರ್ವರ್ಡ್ ಆ ಹತ್ತು ವರ್ಷವನ್ನು ಒಂದೇ ಸಾಲಿನಲ್ಲಿ ಹಾರಿಬಿಡುತ್ತದೆ. ಮಕ್ಕಳಿಗೆ ಹೇಳಬೇಕಾದ ಸಂಗತಿ ಇರುವುದೇ ಅಲ್ಲಿ.

ಹೆಡ್‌ಮಾಸ್ಟರ ಮಗ ಇಂಗ್ಲಿಷಿನಲ್ಲಿ ನಪಾಸು

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದ್ರಾಸಿನಲ್ಲಿ. ಮನೆಮಾತು ತಮಿಳು. ಮನೆಯಲ್ಲಿ ಆರು ಗಂಡು, ಎರಡು ಹೆಣ್ಣು, ಒಟ್ಟು ಎಂಟು ಮಕ್ಕಳು. ಬಾಲ್ಯ ಕಳೆದದ್ದು ಹೆಚ್ಚಾಗಿ ಮದ್ರಾಸಿನಲ್ಲಿ, ಅಜ್ಜಿಯ ಹತ್ತಿರ. ತಂದೆ ಕೃಷ್ಣಸ್ವಾಮಿ ಅಯ್ಯರ್ ಹೆಡ್‌ಮಾಸ್ಟರ್. ಅವರಿಗೆ ಮೈಸೂರಿನ ಮಹಾರಾಜ ಕಾಲೇಜು ಹೈಸ್ಕೂಲಿಗೆ ವರ್ಗವಾದ ಮೇಲೆ ಮಗನೂ ಮೈಸೂರಿಗೆ ಬಂದ. ಆ ಶಾಲೆಯಲ್ಲಿ ಒಳ್ಳೆಯ ಗ್ರಂಥಾಲಯವಿತ್ತು. ಹುಡುಗ ಸಿಕ್ಕಿದ್ದನ್ನೆಲ್ಲ ಓದಿದ. ಪಠ್ಯಪುಸ್ತಕ ಮಾತ್ರ ಅವನಿಗೆ ಹಿಡಿಸಲಿಲ್ಲ.

1925ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬಂತು. ನಾರಾಯಣ್ ಫೇಲಾದರು. ಅದೂ ಇಂಗ್ಲಿಷಿನಲ್ಲಿ. ಮುಂದೆ ಯಾವ ಭಾಷೆಯಲ್ಲಿ ಬರೆದು ಜಗತ್ತಿಗೆ ಪರಿಚಯವಾದರೋ ಅದೇ ಭಾಷೆಯಲ್ಲಿ!

ಊರಿಗೆಲ್ಲ ಪಾಠ ಹೇಳುವ ಹೆಡ್‌ಮಾಸ್ಟರ ಮಗನೇ ನಪಾಸಾದರೆ ಜನ ಸುಮ್ಮನಿರುವುದುಂಟೇ? ಇವತ್ತು ನಮ್ಮ ಬೀದಿಗಳಲ್ಲಿ ಆಗುವುದನ್ನು ನೆನಪಿಸಿಕೊಂಡರೆ ಸಾಕು. ಎಷ್ಟು ಬಂತು ಎಂದು ಕೇಳುವವರಿಗೆ ಆಗಲೂ ಈಗಲೂ ಬರವಿಲ್ಲ.

ಖಾಲಿ ಬಿದ್ದ ಒಂದು ವರ್ಷ

ಆಮೇಲಿನ ಒಂದು ವರ್ಷ ನಾರಾಯಣ್ ಮನೆಯಲ್ಲೇ ಉಳಿದರು. ಈ ವರ್ಷದ ಬಗ್ಗೆ ಫಾರ್ವರ್ಡ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ. ಅವರು ಕುಕ್ಕರಹಳ್ಳಿ ಕೆರೆಯ ಕಡೆ ಪುಸ್ತಕ ಹಿಡಿದು ಹೋಗುತ್ತಿದ್ದರು, ಅಲ್ಲೇ ಕೂತು ಓದುತ್ತಿದ್ದರು. ಮೈಸೂರಿನ ಬೀದಿಗಳಲ್ಲಿ ದೂರದೂರ ನಡೆಯುತ್ತಿದ್ದರು. ಕಾವ್ಯ, ಕಾದಂಬರಿ, ನಾಟಕ ಎಲ್ಲ ಓದಿದರು. ತಾವೂ ಬರೆಯಲು ಕೂತರು.

ಆ ವರ್ಷ ಮುಗಿದ ಮೇಲೆ ಅವರು ಪರೀಕ್ಷೆಗೆ ಬೆನ್ನು ತಿರುಗಿಸಲಿಲ್ಲ. 1926ರಲ್ಲಿ ಅದೇ ಪರೀಕ್ಷೆಯನ್ನು ಪಾಸು ಮಾಡಿ ಮೈಸೂರಿನ ಮಹಾರಾಜ ಕಾಲೇಜು ಸೇರಿದರು. ಮೂರು ವರ್ಷಕ್ಕೆ ಮುಗಿಯಬೇಕಾದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು. 1930ರಲ್ಲಿ ಪದವಿ ಕೈಗೆ ಬಂತು. ಒಟ್ಟು ಲೆಕ್ಕದಲ್ಲಿ ಓರಗೆಯವರಿಗಿಂತ ಎರಡು ವರ್ಷ ಹಿಂದೆ. ಅವರು ಬದುಕಿದ್ದು 94 ವರ್ಷ. ಆ ಎರಡು ವರ್ಷದ ಲೆಕ್ಕವನ್ನು ಇವತ್ತು ಯಾರೂ ಹಾಕುವುದಿಲ್ಲ.

ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾರಾಯಣ್‌ಗೆ ಆ ವರ್ಷ ದಕ್ಕಿದ್ದಕ್ಕೆ ಕಾರಣಗಳಿದ್ದವು. ತಂದೆಯ ಸಂಬಳವಿತ್ತು, ಪುಸ್ತಕಗಳಿದ್ದವು, ತಲೆಯ ಮೇಲೆ ಸೂರಿತ್ತು. ಫೇಲಾದ ಮಗನನ್ನು ಕೂಡಲೇ ದುಡಿಯಲು ಕಳಿಸುವ ಸ್ಥಿತಿ ಆ ಮನೆಗೆ ಇರಲಿಲ್ಲ. ಮಳೆ ನಂಬಿ ಮೆಕ್ಕೆಜೋಳ ಬಿತ್ತುವ ಮನೆಗೆ ಈ ಅನುಕೂಲ ಇರುವುದಿಲ್ಲ. ಅದಕ್ಕೇ ಅವರ ಬದುಕನ್ನು ಛಲದ ಕಥೆಯಾಗಿ ಮಾತ್ರ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಎದ್ದು ನಿಲ್ಲಲು ಅವರಿಗೆ ಸಮಯ ಸಿಕ್ಕಿತು, ಸಿಕ್ಕ ಸಮಯವನ್ನು ಅವರು ಬಳಸಿಕೊಂಡರು. ಎರಡೂ ಸೇರಿ ಆದದ್ದು ಇದು.

ಡಿಗ್ರಿ ಆಯಿತು, ಮುಂದೇನು?

ಪದವಿ ಬಂದ ಮಾತ್ರಕ್ಕೆ ಚಿಂತೆ ಹೋಗಲಿಲ್ಲ. ಎಂ.ಎ. ಮಾಡೋಣ ಎಂದುಕೊಂಡರು. ಹಾಗೆ ಓದಿದರೆ ಸಾಹಿತ್ಯದ ರುಚಿಯೇ ಹೋಗಿಬಿಡುತ್ತದೆ ಎಂದು ಗೆಳೆಯನೊಬ್ಬ ಎಚ್ಚರಿಸಿದ ಮೇಲೆ ಕೈಬಿಟ್ಟರು. ಚನ್ನಪಟ್ಟಣದ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಡ್ರಿಲ್ ಮೇಷ್ಟರ ಬದಲಿಗೆ ತರಗತಿ ತೆಗೆದುಕೊಳ್ಳಲು ಹೇಳಿದರೆಂದು ಅದನ್ನೂ ಬಿಟ್ಟು ಬಂದರು. ಈ ಕಾಲದಲ್ಲಾದರೆ ಸಂಬಂಧಿಕರು ಏನನ್ನುತ್ತಿದ್ದರೋ ನೀವೇ ಊಹಿಸಿ: ಎರಡು ವರ್ಷ ತಡ, ಎಂ.ಎ. ಇಲ್ಲ, ಸಿಕ್ಕ ಸರ್ಕಾರಿ ಕೆಲಸವೂ ಇಲ್ಲ.

ಬರವಣಿಗೆಯನ್ನೇ ಕಸುಬು ಮಾಡಿಕೊಳ್ಳಬೇಕೆಂದು ಅವರು ಗಟ್ಟಿಮಾಡಿಕೊಂಡದ್ದು ಆಗ. 1930ರ ವಿಜಯದಶಮಿಯ ದಿನ, ಅಜ್ಜಿ ನೋಡಿಕೊಟ್ಟ ಮುಹೂರ್ತದಲ್ಲಿ, ನೋಟ್‌ಬುಕ್ ತೆರೆದು ಮೊದಲ ಕಾದಂಬರಿ ಶುರುಮಾಡಿದರು. ಮಾಲ್ಗುಡಿ ಎಂಬ ಊರು ಹುಟ್ಟಿದ್ದು ಹಾಗೆ.

ಬರವಣಿಗೆಯಿಂದ ಮೊದಲ ವರ್ಷ ಅವರಿಗೆ ಸಿಕ್ಕಿದ್ದು ಒಟ್ಟು 9 ರೂಪಾಯಿ 12 ಆಣೆ. ಹೊಟ್ಟೆಪಾಡಿಗೆ ಮದ್ರಾಸಿನ ಪತ್ರಿಕೆಯೊಂದಕ್ಕೆ ಮೈಸೂರಿನ ಸುದ್ದಿ ಕಳಿಸುವ ವರದಿಗಾರರಾದರು. ಅಂದರೆ ಕನಸಿನ ಕೆಲಸ ಒಂದು ಕಡೆ, ಅನ್ನದ ಕೆಲಸ ಇನ್ನೊಂದು ಕಡೆ. ಎರಡನ್ನೂ ಜೊತೆಜೊತೆಗೆ ಎಳೆದರು.

ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದರು. ಬೇಸತ್ತ ನಾರಾಯಣ್, ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಆ ಹಸ್ತಪ್ರತಿಯನ್ನು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡಲು ಹೇಳಿದರು. ಗೆಳೆಯ ಎಸೆಯಲಿಲ್ಲ. ಲೇಖಕ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಓದಿ ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಅಚ್ಚಾಯಿತು. ಶಾಲೆ, ಮೇಷ್ಟರು, ಪರೀಕ್ಷೆ ಕಂಡರೆ ಹೆದರುವ ಹುಡುಗ ಸ್ವಾಮಿಯ ಕಥೆ ಅದು. ಮುಂದೆ 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಇದೇ ಸ್ವಾಮಿ ಮನೆಮನೆಯ ಹುಡುಗನಾದ.

ಪರೀಕ್ಷೆಗಿಂತ ದೊಡ್ಡ ಪೆಟ್ಟೂ ಅವರಿಗೆ ಬಿತ್ತು. 1939ರಲ್ಲಿ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಪುಟ್ಟ ಮಗಳನ್ನು ಸಾಕಿಕೊಂಡು, ಆ ದುಃಖವನ್ನೇ 1945ರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಾಗಿ ಬರೆದರು. ‘ದಿ ಗೈಡ್’ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೂ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡದೆ ವಾಪಸ್ ಕಳಿಸಿತ್ತು. ಅವರೂ ಮೈಸೂರಿನಲ್ಲೇ ಬಿ.ಎ. ಮುಗಿಸಿದರು, ಚಿತ್ರ ಬಿಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಫಾರ್ವರ್ಡ್ ಎಡವುವುದು ಎಲ್ಲಿ?

ಮೊದಲು ಐನ್‌ಸ್ಟೈನ್ ವಿಷಯ. ಅವರು ಗಣಿತದಲ್ಲಿ ಫೇಲಾಗಿದ್ದರು ಅನ್ನುವುದು ಸುಳ್ಳು. 1895ರಲ್ಲಿ, ಇನ್ನೂ 16ರ ಹುಡುಗನಾಗಿದ್ದಾಗ, ಜ್ಯೂರಿಕ್‌ನ ತಾಂತ್ರಿಕ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದರು. ಉಳಿದವರಿಗಿಂತ ವಯಸ್ಸು ಸುಮಾರು ಎರಡು ವರ್ಷ ಕಡಿಮೆ. ಗಣಿತ, ಭೌತಶಾಸ್ತ್ರ ಚೆನ್ನಾಗಿಯೇ ಬಂದವು. ಉಳಿದ ಸಾಮಾನ್ಯ ವಿಷಯಗಳಲ್ಲಿ ಕೈಸೋತರು. ಒಂದು ವರ್ಷ ಬೇರೆ ಶಾಲೆಯಲ್ಲಿ ಓದಿ 1896ರಲ್ಲಿ ಅದೇ ಕಾಲೇಜಿಗೆ ಸೇರಿದರು. ಅಲ್ಲಿಯೂ ಇರುವುದು ಒಂದು ವರ್ಷ ತಡವಾದ ಕಥೆಯೇ.

ಎರಡನೆಯದು, ಇಂಥ ಪಟ್ಟಿಗಳೆಲ್ಲ ಮಾಡುವ ಒಂದು ಲೆಕ್ಕದ ತಪ್ಪು. ಫೇಲಾಗಿ ಹೆಸರು ಮಾಡಿದವರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ. ಫೇಲಾಗಿ ಸಾಮಾನ್ಯ ಬದುಕು ಬದುಕಿದ ಲಕ್ಷಾಂತರ ಜನ ಪಟ್ಟಿಯಲ್ಲಿ ಇರುವುದಿಲ್ಲ. ಸಂತೆಯಲ್ಲಿ ಲಾಟರಿ ಹೊಡೆದವನೊಬ್ಬನನ್ನು ನೋಡಿ ಲಾಟರಿ ಕೊಂಡವರೆಲ್ಲ ಶ್ರೀಮಂತರಾಗುತ್ತಾರೆ ಅಂದಂತೆ ಇದು. ಹಾಗಂತ ಆ ಲಕ್ಷಾಂತರ ಜನ ಸೋತವರೂ ಅಲ್ಲ. ಮತ್ತೆ ಬರೆದು ಪಾಸಾಗಿ, ಅಂಗಡಿ ಇಟ್ಟು, ನೌಕರಿ ಹಿಡಿದು, ಹೊಲ ಮಾಡಿ ಚೆನ್ನಾಗಿದ್ದಾರೆ. ಮಗುವಿಗೆ ಧೈರ್ಯ ತುಂಬಲು ನಾರಾಯಣ್‌ಗಿಂತ ಇವರೇ ಹೆಚ್ಚು ನಂಬಬಹುದಾದ ಉದಾಹರಣೆ.

ಮೂರನೆಯದು, ಫೇಲಾದರೆ ದೊಡ್ಡವನಾಗುತ್ತೀಯ ಅನ್ನುವ ಮಾತು ಮಗುವಿನ ಮೇಲೆ ಇನ್ನೊಂದು ಹೊರೆ ಹೇರುತ್ತದೆ. ಪಾಸಾಗಬೇಕೆಂಬ ಚಿಂತೆಯ ಜೊತೆಗೆ ಪ್ರಸಿದ್ಧಿಯನ್ನೂ ಗಳಿಸಬೇಕೆಂಬ ಚಿಂತೆ!

ಹೆದರಿಕೆ ಬಂದಾಗ ಏನಾಗುತ್ತದೆ?

ಪರೀಕ್ಷೆಯ ಮುಂದೆ ಎದೆ ಹೊಡೆದುಕೊಳ್ಳುವುದು ರೋಗವಲ್ಲ. ಅಪಾಯ ಬಂತು ಎಂದುಕೊಂಡಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಸ್ವಲ್ಪ ಮಟ್ಟಿಗೆ ಅದು ನಮ್ಮನ್ನು ಚುರುಕು ಮಾಡುತ್ತದೆ. ಅತಿಯಾದರೆ ತೊಂದರೆ. ಲೆಕ್ಕ ಬಿಡಿಸುವಾಗ ಅಂಕಿಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಇರುವ ಜಾಗ ಚಿಕ್ಕದು. ಮನೆಯವರು ಏನನ್ನುತ್ತಾರೋ ಎಂಬ ಚಿಂತೆ ಆ ಜಾಗವನ್ನೇ ತುಂಬಿಕೊಂಡರೆ ಗೊತ್ತಿದ್ದದ್ದೂ ಹೊಳೆಯುವುದಿಲ್ಲ. ಅದು ದಡ್ಡತನ ಅಲ್ಲ.

ರಾತ್ರಿಯೆಲ್ಲ ಎದ್ದು ಓದಿದರೆ ಹೆಚ್ಚು ನೆನಪಿರುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದೇ ಪಾಠವನ್ನು ನಾಲ್ಕು ಸಲ ಓದುವುದಕ್ಕಿಂತ, ಒಮ್ಮೆ ಓದಿ ಪುಸ್ತಕ ಮುಚ್ಚಿ, ನೆನಪಿರುವುದನ್ನು ಬರೆದು ನೋಡುವುದು ಹೆಚ್ಚು ದಿನ ಉಳಿಯುತ್ತದೆ. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ರಾಜ್ಯಸಭೆಗೆ ಬಂದ ಶಾಲಾ ಚೀಲ

ನಾರಾಯಣ್ ತಮ್ಮ ಹಳೆಯ ನೋವನ್ನು ಮರೆಯಲಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಅವರನ್ನು ರಾಜ್ಯಸಭೆಗೆ ನಾಮನಿರ್ದೇಶನ ಮಾಡಲಾಯಿತು. ದೇಶವಿಡೀ ಓದುವ ಲೇಖಕ, ವಯಸ್ಸು ಎಂಬತ್ತು. ಯಾವ ದೊಡ್ಡ ವಿಷಯ ಬೇಕಾದರೂ ಎತ್ತಬಹುದಿತ್ತು. ಅವರು ಎತ್ತಿದ್ದು ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲದ ಭಾರವನ್ನು, ಓದಿನ ಹೆಸರಿನಲ್ಲಿ ಕಳೆದುಹೋಗುತ್ತಿರುವ ಬಾಲ್ಯವನ್ನು. ಆ ಭಾಷಣ ಹುಟ್ಟಿಸಿದ ಚರ್ಚೆಯ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ 1992ರಲ್ಲಿ ವಿಜ್ಞಾನಿ ಯಶ್‌ಪಾಲ್ ಅವರ ಸಮಿತಿ ರಚಿಸಿತು. ಹೊರೆಯಿಲ್ಲದ ಕಲಿಕೆಯ ಬಗ್ಗೆ ಅದರ ವರದಿ 1993ರಲ್ಲಿ ಬಂತು. ಚೀಲ ಇವತ್ತಿಗೂ ಪೂರ್ತಿ ಹಗುರವಾಗಿಲ್ಲ, ನಿಜ. ಆದರೆ ತಪ್ಪು ಮಗುವಿನದಲ್ಲ, ಹೊರಿಸುವವರದು ಎಂಬ ಮಾತು ಸಂಸತ್ತಿನಲ್ಲಿ ದಾಖಲಾಯಿತು. ನಾರಾಯಣ್ 2001ರ ಮೇ 13ರಂದು ತೀರಿಕೊಂಡರು.

ಬಿಳಿಚೋಡಿನ ಆ ಮನೆಗೆ

ಹಾಗಾದರೆ ಮಗಳಿಗೆ ಏನು ಹೇಳಬೇಕು? ನಾರಾಯಣ್‌ಗೆ ಒಂದು ವರ್ಷ ಕಾಯಬೇಕಾಗಿ ಬಂದಿತ್ತು. ಈಗ ಅಷ್ಟು ಕಾಯಬೇಕಿಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಗಣಿತ ಒಂದೇ ಹೋದರೆ ಗಣಿತ ಒಂದನ್ನೇ ಬರೆದರಾಯಿತು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಮುಂದಿನ ದಾರಿಯೂ ಒಂದೇ ಅಲ್ಲ. ದಾವಣಗೆರೆಗೆ ಹೋಗಿ ಪಿಯುಸಿ ವಿಜ್ಞಾನ ಸೇರಿದರೆ ಮಾತ್ರ ಬದುಕು ಎಂದು ಊರಲ್ಲಿ ಹೇಳುವವರಿರುತ್ತಾರೆ. ಕಲಾ, ವಾಣಿಜ್ಯ ವಿಭಾಗಗಳಿವೆ, ಐಟಿಐ ಇದೆ, ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು. ಮನೆಯಲ್ಲಿ ಪುಸ್ತಕವಿಲ್ಲದಿದ್ದರೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿವೆ, ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ.

ಅಪ್ಪ-ಅಮ್ಮನಿಗೆ ನಮ್ಮದೊಂದು ಮಾತು. ಫಲಿತಾಂಶ ಬರುವ ಮೊದಲೇ, ಏನೇ ಬಂದರೂ ಮನೆಯಲ್ಲಿ ಊಟ, ಮಾತು, ಜಾಗ ಹಾಗೇ ಇರುತ್ತವೆ ಎಂದು ಮಗುವಿಗೆ ಹೇಳಿಬಿಡಿ. ಪಕ್ಕದ ಮನೆಯವರ ಅಂಕ ತಂದು ಹೋಲಿಸಬೇಡಿ. ಮಗು ವಾರಗಟ್ಟಲೆ ನಿದ್ದೆಗೆಟ್ಟರೆ, ಯಾರ ಜೊತೆಗೂ ಸೇರದಿದ್ದರೆ, ಬದುಕೇ ಬೇಡ ಎಂಬಂಥ ಮಾತಾಡಿದರೆ ಸುಮ್ಮನೆ ಆಡುತ್ತಿದೆ ಎಂದುಕೊಳ್ಳಬೇಡಿ. ಒಬ್ಬರೇ ಬಿಡದೆ ಜೊತೆಗಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ನೇರವಾಗಿ ಕರೆ ಮಾಡಬಹುದು.

ಇನ್ನು ಆ ಫಾರ್ವರ್ಡ್ ಕಳಿಸಬೇಕಾ ಬೇಡವಾ? ಕಳಿಸುವುದಾದರೆ ಒಂದು ತಿದ್ದುಪಡಿ ಮಾಡಿ ಕಳಿಸಿ. ಆರ್.ಕೆ. ನಾರಾಯಣ್ ಫೇಲಾದರು ಎಂಬ ಸಾಲಿನ ಮುಂದೆ, ಮರುವರ್ಷ ಮತ್ತೆ ಬರೆದು ಪಾಸಾದರು, ಅಲ್ಲಿಯತನಕ ಮನೆ ಅವರ ಕೈಬಿಡಲಿಲ್ಲ ಎಂದು ಸೇರಿಸಿ.