ಹವಳದ ದ್ವೀಪಗಳ ಯಾತ್ರಿಕ ಅಲೆಕ್ಸಾಂಡರ್ ಅಗಾಸಿ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾದುದು ನಮ್ಮ ಕಾಸರಗೋಡು ಒಂದೇ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಹವಳದ ದ್ವೀಪಗಳೂ ಅದೇ ದಿನ ಆ ಜಿಲ್ಲೆಯ ಕೈಬಿಟ್ಟು ಹೋದವು. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಅವುಗಳ ಆಡಳಿತ ಮಂಗಳೂರಿನಿಂದ ನಡೆದಿತ್ತು. ದ್ವೀಪದವರು ತಮ್ಮ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ತುಂಬಿಕೊಂಡು ಬಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಗಡಿಯ ಮಾತು ಬಂದಾಗಲೆಲ್ಲ ನಾವು ನೆಲದ ಗಡಿಯನ್ನೇ ನೆನೆಯುವುದರಿಂದ ಈ ಕಡಲ ನೆರೆ ನಮಗೆ ಮರೆತೇಹೋಗಿದೆ. ಆ ದ್ವೀಪಗಳ ಸಾಲೇ ದಕ್ಷಿಣಕ್ಕೆ ಮುಂದುವರಿದು ಮಾಲ್ದೀವ್ಸ್ ಎನಿಸಿಕೊಳ್ಳುತ್ತದೆ. 1901ರ ಕೊನೆಯಲ್ಲಿ ಕೊಲಂಬೊದಿಂದ ‘ಆಮ್ರಾ’ ಎಂಬ ಉಗಿಹಡಗೊಂದು ಆ ಮಾಲ್ದೀವ್ಸಿಗೆ ಹೊರಟಿತು. ಹಡಗನ್ನು ತನ್ನ ಸ್ವಂತ ಹಣದಿಂದ ಬಾಡಿಗೆಗೆ ಹಿಡಿದವನು ಅರವತ್ತಾರು ವರ್ಷದ ಅಮೆರಿಕನ್ ಪ್ರಾಣಿವಿಜ್ಞಾನಿ ಅಲೆಕ್ಸಾಂಡರ್ ಅಗಾಸಿ. ಜಗತ್ತಿನ ಹವಳದ ದಿಬ್ಬಗಳನ್ನು ಅವನಷ್ಟು ಕಣ್ಣಾರೆ ಕಂಡವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ.

ಅವನು ಹುಟ್ಟಿದ್ದು ಕಡಲಿಲ್ಲದ ನಾಡಿನಲ್ಲಿ, ಸ್ವಿಟ್ಜರ್ಲೆಂಡಿನ ನೂಶಾಟೆಲ್ ಎಂಬ ಊರಿನಲ್ಲಿ, 1835ರ ಡಿಸೆಂಬರ್ 17ರಂದು. ತಂದೆ ಲೂಯಿ ಅಗಾಸಿ ಯುರೋಪಿನಲ್ಲೆಲ್ಲ ಹೆಸರಾದ ವಿದ್ವಾಂಸ. ಪಳೆಯುಳಿಕೆಯ ಮೀನುಗಳ ಬಗ್ಗೆ ಮಹಾಗ್ರಂಥವನ್ನು ಬರೆದವನು. ಒಂದಾನೊಂದು ಕಾಲದಲ್ಲಿ ಭೂಮಿಯ ಬಹುಭಾಗವನ್ನು ಹಿಮ ಹೊದ್ದಿತ್ತೆಂದು 1837ರಲ್ಲಿ ಸಾರಿದವನು. ಮಾತಿನ ಮೋಡಿಯೂ ದೊಡ್ಡ ದೊಡ್ಡ ಕಲ್ಪನೆಗಳೂ ಅವನಿಗೆ ಸಹಜವಾಗಿದ್ದವು. ಹಣದ ಲೆಕ್ಕ ಮಾತ್ರ ಎಂದೂ ಕೈಗೂಡಲಿಲ್ಲ. ತಾಯಿ ಸೆಸಿಲ್ ಬ್ರೌನ್ ಒಳ್ಳೆಯ ಚಿತ್ರಗಾರ್ತಿ. ಸಾಲ ಮತ್ತು ಗೊಂದಲಗಳ ನಡುವೆ ಆ ಮನೆ ಒಡೆಯಿತು. ಲೂಯಿ 1846ರಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕನಾದ. ಸೆಸಿಲ್ ಕ್ಷಯರೋಗದಿಂದ 1848ರಲ್ಲಿ ತೀರಿಕೊಂಡಳು. ಮರುವರ್ಷ ಹದಿಮೂರರ ಬಾಲಕ ಅಲೆಕ್ಸಾಂಡರ್ ಅಟ್ಲಾಂಟಿಕ್ ದಾಟಿ ತಂದೆಯ ಬಳಿಗೆ ಬಂದ. ಅಲ್ಲಿ ಅವನ ಭಾಗ್ಯಕ್ಕೆ ದೊರೆತವಳು ಮಲತಾಯಿ ಎಲಿಜಬೆತ್ ಕೇರಿ. ಮಲತಾಯಿ ಎಂದೊಡನೆ ನಮ್ಮ ಕಥೆಗಳು ಕಟ್ಟಿಕೊಡುವ ಚಿತ್ರಕ್ಕೆ ಈಕೆ ಪೂರ್ಣ ವಿರುದ್ಧ. ಮುಂದೆ ಹೆಣ್ಣುಮಕ್ಕಳ ರಾಡ್‌ಕ್ಲಿಫ್ ಕಾಲೇಜಿನ ಮೊದಲ ಅಧ್ಯಕ್ಷೆಯಾದ ಈಕೆ ಅಲೆಕ್ಸಾಂಡರನೊಡನೆ ಸೇರಿ ಕಡಲತೀರದ ಜೀವಿಗಳ ಬಗ್ಗೆ ಒಂದು ಪುಸ್ತಕವನ್ನೂ ಬರೆದಳು. 1865ರಲ್ಲಿ ಅದು ಹೊರಬಂದಿತು.

ತಾಯಿಯ ಕೈಯ ರೇಖೆ ಮಗನಿಗೆ ಬಂದಿತ್ತು. ಲೋಳೆಮೀನಿನ ದೇಹದಲ್ಲಿ ನೀರೇ ಹೆಚ್ಚು. ಸೀಸೆಯ ದ್ರವದಲ್ಲಿ ಅದ್ದಿಟ್ಟರೆ ಅದು ಮುದುಡಿ ಬಣ್ಣಗೆಡುತ್ತದೆ. ಆದ್ದರಿಂದ ಅದು ಜೀವಂತವಾಗಿರುವಾಗಲೇ ಚಿತ್ರ ಬರೆದುಕೊಳ್ಳಬೇಕು. ಈ ತಾಳ್ಮೆ ಅವನಲ್ಲಿತ್ತು. 1859ರಲ್ಲಿ ತಂದೆ ಹಾರ್ವರ್ಡಿನಲ್ಲಿ ಪ್ರಾಣಿವಿಜ್ಞಾನದ ವಸ್ತುಸಂಗ್ರಹಾಲಯವೊಂದನ್ನು ತೆರೆದ. ಡಾರ್ವಿನ್ನನ ವಿಕಾಸವಾದದ ಗ್ರಂಥ ಪ್ರಕಟವಾದುದೂ ಅದೇ ವರ್ಷ. ಲೂಯಿ ಆ ವಾದವನ್ನು ಕೊನೆಯುಸಿರಿನ ತನಕ ವಿರೋಧಿಸಿದ. ಪ್ರತಿಯೊಂದು ಜೀವಜಾತಿಯೂ ದೇವರ ಪ್ರತ್ಯೇಕ ಸೃಷ್ಟಿಯೆಂಬ ಹಠವನ್ನು ಅವನು ಬಿಡಲಿಲ್ಲ. ಕಿರಿಯ ವಿಜ್ಞಾನಿಗಳು ಒಬ್ಬೊಬ್ಬರಾಗಿ ಆಚೆಯ ಪಕ್ಷ ಸೇರಿದರು. ಸಭೆಗಳಲ್ಲಿ ತಂದೆ ಸೋಲುತ್ತಿರುವುದನ್ನು ಮಗ ಬಾಯಿಬಿಡದೆ ನೋಡಿದ. ಅದೇ ಸಂಗ್ರಹಾಲಯದ ಲೆಕ್ಕಪತ್ರವನ್ನು ಸರಿದೂಗಿಸುವ ಹೊರೆಯೂ ಅವನ ಹೆಗಲಿಗೇ ಬಿತ್ತು. ಕಣ್ಣಿಗೆ ಕಾಣದ ಸಿದ್ಧಾಂತಗಳ ಬಗ್ಗೆ ಅವನಿಗೆ ಜೀವಮಾನವಿಡೀ ಉಳಿದ ಗುಮಾನಿಯ ಬೇರು ಈ ವರ್ಷಗಳಲ್ಲಿದೆ ಎಂದು ನನಗೆ ತೋರುತ್ತದೆ.

ಹಣ ಬಂದುದು ತಾಮ್ರದಿಂದ. ಎಂಜಿನಿಯರಿಂಗ್ ಓದಿದ್ದ ಅಲೆಕ್ಸಾಂಡರ್ 1867ರಲ್ಲಿ ಮಿಷಿಗನ್ನಿನ ಕಾಡಿನ ನಡುವಿನ ಕ್ಯಾಲುಮೆಟ್ ಮತ್ತು ಹೆಕ್ಲಾ ಗಣಿಗಳಿಗೆ ಹೋಗಿ, ಮುಳುಗುತ್ತಿದ್ದ ಉದ್ಯಮವನ್ನು ಎರಡು ವರ್ಷದೊಳಗೆ ಎತ್ತಿನಿಲ್ಲಿಸಿದ. ಅದು ಜಗತ್ತಿನ ಬಹು ದೊಡ್ಡ ತಾಮ್ರದ ಗಣಿಗಳಲ್ಲಿ ಒಂದಾಯಿತು. ಅವನು ಸಾಯುವ ತನಕ ಅದರ ಅಧ್ಯಕ್ಷನಾಗಿದ್ದ. ಸಂಗ್ರಹಾಲಯಕ್ಕೆ ಅವನು ಕೊಟ್ಟ ಹಣ ಹತ್ತು ಲಕ್ಷ ಡಾಲರಿಗೂ ಮೇಲೆ. ಅವನ ಹಡಗುಗಳನ್ನು ನಡೆಸಿದ ಕಲ್ಲಿದ್ದಲಿಗೆ ಬೆಲೆ ತೆತ್ತವರು, ಒಂದರ್ಥದಲ್ಲಿ, ಸೂರ್ಯನನ್ನು ಕಾಣದೆ ನೆಲದಡಿಯಲ್ಲಿ ದುಡಿದ ವಲಸೆಗಾರ ಕೂಲಿಗಳು. ಚರಿತ್ರೆಕಾರರು ಇದನ್ನು ಒಂದು ಸಾಲಿನಲ್ಲಿ ದಾಟುತ್ತಾರೆ, ನಾನೂ ದಾಟುತ್ತಿದ್ದೇನೆ.

1873ರ ಡಿಸೆಂಬರ್ 14ರಂದು ಲೂಯಿ ಅಗಾಸಿ ತೀರಿಕೊಂಡ. ಎಂಟೇ ದಿನಗಳಲ್ಲಿ ಅಲೆಕ್ಸಾಂಡರನ ಮಡದಿ ಅನ್ನಾ ನ್ಯುಮೋನಿಯಾದಿಂದ ಕಣ್ಣುಮುಚ್ಚಿದಳು. ಮೂವತ್ತೆಂಟರ ಹರೆಯ, ತಾಯಿಯಿಲ್ಲದ ಮೂರು ಗಂಡುಮಕ್ಕಳು. ತನ್ನ ಬಾಲ್ಯವನ್ನು ಕವಿದಿದ್ದ ಕತ್ತಲೆಯೇ ತನ್ನ ಮಕ್ಕಳ ಬಾಲ್ಯಕ್ಕೂ ಇಳಿದುದನ್ನು ಅವನು ಕಂಡ. ಮಕ್ಕಳನ್ನು ಮತ್ತೆ ಎಲಿಜಬೆತ್ತಳೇ ಸಲಹಿದಳು. ಅವನು ಮರುಮದುವೆಯಾಗಲಿಲ್ಲ. ಅಂದಿನಿಂದ ಪ್ರತಿ ಚಳಿಗಾಲವೂ ಎಂಬಂತೆ ಅವನು ಮನೆ ಬಿಟ್ಟು ದೂರದ ಕಡಲುಗಳಿಗೆ ಹೊರಡುತ್ತಿದ್ದ. ಅಮೆರಿಕ ಸರಕಾರದ ‘ಬ್ಲೇಕ್’ ಹಡಗಿನಲ್ಲಿ 1877ರಿಂದ 1880ರವರೆಗೆ ಕೆರಿಬಿಯನ್ ಕಡಲಿನ ತಳವನ್ನು ಜಾಲಾಡಿದ. ಗಣಿಯಲ್ಲಿ ಕಂಡಿದ್ದ ಉಕ್ಕಿನ ಹಗ್ಗವನ್ನು ಸೆಣಬಿನ ಹಗ್ಗದ ಬದಲು ಬಳಸಿ, ಆಳದ ಬಲೆಯನ್ನು ಇಳಿಸಿ ಎತ್ತುವ ಕೆಲಸವನ್ನು ಬೇಗನೆ ಮುಗಿಸುವ ದಾರಿ ತೋರಿದ.

ಇಷ್ಟರಲ್ಲಿ ಹವಳದ ಪ್ರಶ್ನೆ ಅವನನ್ನು ಹಿಡಿದುಕೊಂಡಿತ್ತು. ನಮ್ಮ ಕಾವ್ಯಗಳಲ್ಲಿ ನಾಯಿಕೆಯ ತುಟಿಗೆ ಹೋಲಿಸಲಾಗುವ ಕೆಂಪು ಹವಳ ಮೆಡಿಟರೇನಿಯನ್ ಕಡಲಿನಿಂದ ವ್ಯಾಪಾರಿಗಳ ಕೈದಾಟಿ ಬಂದ ರತ್ನ. ದ್ವೀಪ ಕಟ್ಟುವ ಹವಳ ಅದಲ್ಲ. ಇದು ಬೆಚ್ಚಗಿನ ತಿಳಿನೀರಿನಲ್ಲಿ, ಬಿಸಿಲು ಮುಟ್ಟುವಷ್ಟು ಆಳದಲ್ಲಿ ಮಾತ್ರ ಸೊಂಪಾಗಿ ಬೆಳೆಯುವ ಪುಟ್ಟ ಪ್ರಾಣಿಗಳ ಸಮೂಹ. ಅವು ಬಿಟ್ಟುಹೋಗುವ ಸುಣ್ಣದ ಗೂಡುಗಳೇ ಒಟ್ಟುಗೂಡಿ ದಿಬ್ಬವಾಗುತ್ತವೆ. ಹಾಗಿದ್ದರೆ ತಳವೇ ಕಾಣದ ನಡುಗಡಲಿನಲ್ಲಿ, ಒಳಗೆ ಕೊಳವನ್ನು ಅಡಗಿಸಿಕೊಂಡ ಉಂಗುರದಂಥ ಹವಳದ ದ್ವೀಪಗಳು ಎದ್ದುದು ಹೇಗೆ? ಇಂಥ ದ್ವೀಪಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಮಾತು ಮಾಲ್ದೀವ್ಸಿನ ದಿವೇಹಿ ಭಾಷೆಯದು. ಡಾರ್ವಿನ್ 1842ರಲ್ಲಿ ಕೊಟ್ಟ ಉತ್ತರ ಸರಳವೂ ಸುಂದರವೂ ಆಗಿತ್ತು. ಜ್ವಾಲಾಮುಖಿಯ ದ್ವೀಪವೊಂದರ ಅಂಚಿನಲ್ಲಿ ಹವಳ ಬೆಳೆಯುತ್ತದೆ. ದ್ವೀಪ ಮೆಲ್ಲಮೆಲ್ಲನೆ ಮುಳುಗುತ್ತದೆ. ಹವಳ ಬೆಳಕಿಗಾಗಿ ಮೇಲಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಕೊನೆಗೆ ಬೆಟ್ಟ ಮರೆಯಾಗಿ ಉಂಗುರವೊಂದೇ ಉಳಿಯುತ್ತದೆ. ನಿಜವಾದ ಹವಳದ ದಿಬ್ಬವೊಂದನ್ನು ನೋಡುವ ಮೊದಲೇ ಡಾರ್ವಿನ್ ಇದನ್ನು ಯೋಚಿಸಿ ಮುಗಿಸಿದ್ದ. ಅಗಾಸಿಗೆ ಸಹಿಸಲಾಗದಿದ್ದುದು ಇದೇ. ಅಷ್ಟರಲ್ಲಿ ‘ಚಾಲೆಂಜರ್’ ಹಡಗಿನಲ್ಲಿ ಲೋಕ ಸುತ್ತಿ ಬಂದ ಜಾನ್ ಮರ್ರೆ 1880ರಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟ. ನೆಲ ಮುಳುಗಬೇಕಾಗಿಲ್ಲ, ಸೂಕ್ಷ್ಮಜೀವಿಗಳ ಚಿಪ್ಪುಗಳು ಕಡಲಡಿಯ ದಿಣ್ಣೆಗಳ ಮೇಲೆ ಬಿದ್ದು ಜಗಲಿಯನ್ನು ಎತ್ತರಿಸುತ್ತವೆ, ಹವಳ ಆ ಜಗಲಿಯ ಮೇಲೆ ಬೆಳೆಯುತ್ತದೆ, ಒಳಗಿನ ಸುಣ್ಣ ಕರಗಿ ಕೊಳವಾಗುತ್ತದೆ ಎಂಬುದು ಅವನ ವಾದ. ಅಗಾಸಿಯ ಒಲವು ಅತ್ತ ಹರಿಯಿತು.

ಸಾಯುವ ಹಿಂದಿನ ವರ್ಷ, 1881ರಲ್ಲಿ, ಡಾರ್ವಿನ್ ಅಗಾಸಿಗೆ ಕಾಗದ ಬರೆದ. ಯಾರಾದರೂ ಭಾರಿ ಶ್ರೀಮಂತರು ಪೆಸಿಫಿಕ್ಕಿನ ಇಲ್ಲವೆ ಹಿಂದೂ ಮಹಾಸಾಗರದ ಅಟಾಲುಗಳನ್ನು ನೂರಾರು ಅಡಿ ಕೊರೆಸಿ ನೋಡಬಾರದೆ ಎಂಬ ಆಸೆಯನ್ನು ಅದರಲ್ಲಿ ತೋಡಿಕೊಂಡಿದ್ದ. ಆ ಕಾಗದ ಯಾರ ಕೈಸೇರಿತ್ತೋ ಅವನೇ ಅಂಥ ಶ್ರೀಮಂತ.

ಅಗಾಸಿ ಮೊದಲು ಆರಿಸಿದ್ದು ಕೊರೆಯುವ ದಾರಿಯನ್ನಲ್ಲ, ನೋಡುವ ದಾರಿಯನ್ನು. 1893ರಲ್ಲಿ ಫೋರ್ಬ್ಸ್ ಮನೆತನದ ‘ವೈಲ್ಡ್ ಡಕ್’ ಎಂಬ ಖಾಸಗಿ ವಿಹಾರನೌಕೆಯಲ್ಲಿ ಬಹಾಮಾ ದ್ವೀಪಗಳನ್ನು ಸುತ್ತಿದ. 1896ರಲ್ಲಿ ‘ಕ್ರಾಯ್ಡನ್’ ಎಂಬ ಹಡಗನ್ನು ಬಾಡಿಗೆಗೆ ಹಿಡಿದು ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ. ಅಲ್ಲಿ ಗಾಳಿ ಬಿಡುವನ್ನೇ ಕೊಡಲಿಲ್ಲ. ಬಹಳಷ್ಟು ದಿನಗಳು ಲಂಗರು ಹಾಕಿ ಕಾಯುವುದರಲ್ಲೇ ಕಳೆದವು. ಮರುವರ್ಷ ‘ಯರಲ್ಲಾ’ದಲ್ಲಿ ಫಿಜಿ. ವಿಹಾರನೌಕೆ ಎಂದೊಡನೆ ಬಿಸಿಲುಗುದುರೆಯಂಥ ಸುಖವೊಂದು ಕಣ್ಣಮುಂದೆ ಬರಬಹುದು. ಇಲ್ಲಿ ಅಟ್ಟದ ಮೇಲೆ ಇದ್ದುದು ಆಳ ಅಳೆಯುವ ತಂತಿಯ ಯಂತ್ರ, ಬಲೆಗಳು, ಗಾಜಿನ ಪಾತ್ರೆಗಳು, ಛಾಯಾಚಿತ್ರದ ಪೆಟ್ಟಿಗೆಗಳು.

ನೀರಿಳಿತದ ಹೊತ್ತಿನಲ್ಲಿ ಹವಳದಿಬ್ಬದ ಮೇಲೆ ಕಾಲಿಟ್ಟವರಿಗೆ ಕಾಣುವ ಲೋಕ ವಿಲಕ್ಷಣವಾದುದು. ಕೊಂಬೆ ಕೊಂಬೆಯಾಗಿ ಕವಲೊಡೆದ ಹವಳ, ಮಿದುಳಿನ ಸುರುಳಿಯಂತಿರುವ ಹವಳದ ಗುಂಡುಗಳು, ನೆರಳು ಬಿದ್ದೊಡನೆ ಬಾಯಿ ಮುಚ್ಚಿಕೊಳ್ಳುವ ದೈತ್ಯ ಕಪ್ಪೆಚಿಪ್ಪು, ಮರಳಿನ ಮೇಲೆ ಸೋಮಾರಿಯಂತೆ ಬಿದ್ದಿರುವ ಕಡಲ ಸೌತೆ, ಮೈತುಂಬ ಮುಳ್ಳು ಹೊತ್ತ ಸಮುದ್ರ ಅರ್ಚಿನ್‌ಗಳು. ಈ ಅರ್ಚಿನ್ ಕುಲದ ಮೇಲೆ ಅಗಾಸಿಗಿದ್ದ ಹಿಡಿತ ಅಸಾಧಾರಣ. ‘ಚಾಲೆಂಜರ್’ ಹಡಗು ತಂದ ಅರ್ಚಿನ್‌ಗಳನ್ನು ವಿಂಗಡಿಸಿ ವರ್ಣಿಸುವ ಕೆಲಸವನ್ನು ಅವನಿಗೇ ಒಪ್ಪಿಸಲಾಗಿತ್ತು. ಅವನ ಕಣ್ಣು ಸೊಬಗಿನಷ್ಟೇ ನಾಶವನ್ನೂ ಕಂಡಿತು. ಹವಳವನ್ನು ಕಚ್ಚಿ ಅರೆದು ಮರಳಾಗಿ ವಿಸರ್ಜಿಸುವ ಗಿಳಿಮೀನು, ಸುಣ್ಣಗಲ್ಲನ್ನು ಒಳಗಿಂದ ಕೊರೆಯುವ ಚಿಪ್ಪುಜೀವಿಗಳು, ಸ್ಪಂಜುಗಳು, ಹುಳುಗಳು, ಹೊರಗಿನಿಂದ ಅಪ್ಪಳಿಸುವ ಅಲೆ. ಕಟ್ಟುವುದೂ ಕೆಡಹುವುದೂ ಒಂದೇ ದಿಬ್ಬದಲ್ಲಿ ಒಟ್ಟೊಟ್ಟಿಗೆ ನಡೆಯುವುದನ್ನು ಅವನಷ್ಟು ವಿವರವಾಗಿ ಬರೆದವರು ವಿರಳ. ಕಡಲು ಶಾಂತವಾಗಿದ್ದ ರಾತ್ರಿಗಳಲ್ಲಿ ತೆಳುಬಟ್ಟೆಯ ಬಲೆಯನ್ನು ಮೇಲ್ನೀರಿನಲ್ಲಿ ಎಳೆದಾಗ, ಹಗಲು ಆಳದಲ್ಲಿ ಅಡಗಿದ್ದ ಲೋಳೆಮೀನುಗಳು ಬಂದು ಸೇರುತ್ತಿದ್ದವು. ಫಿಜಿಯಲ್ಲಿ ಹೀಗೆ ದೊರೆತವುಗಳನ್ನು ಅವನೂ ಕಿರಿಯ ಸಂಗಾತಿ ಆಲ್ಫ್ರೆಡ್ ಮೇಯರನೂ ಕೂಡಿ ವರ್ಣಿಸಿ 1899ರಲ್ಲಿ ಪ್ರಕಟಿಸಿದರು.

ಫಿಜಿಗೆ ಅವನು ಕೊರೆಯುವ ಯಂತ್ರವನ್ನೂ ಕಳಿಸಿದ್ದ. ಡಾರ್ವಿನ್ನನ ಆಸೆ ಈಡೇರುವ ಗಳಿಗೆ ಬಂದಿತೆನ್ನಬೇಕು. ಆದರೆ ಕಡಲಿನಿಂದ ನೂರಾರು ಅಡಿ ಮೇಲಕ್ಕೆದ್ದ ಹಳೆಯ ಸುಣ್ಣಗಲ್ಲಿನ ದ್ವೀಪಗಳು ಅಲ್ಲಿ ಅವನಿಗೆ ಎದುರಾದವು. ನೆಲ ಇಲ್ಲಿ ಏರಿದೆ, ಮುಳುಗಿದ್ದೆಲ್ಲಿ? ಹೊಸ ಹವಳ ಹಳೆಯ ಸುಣ್ಣಗಲ್ಲಿನ ಮೇಲಿನ ತೆಳುಹೊದಿಕೆ ಮಾತ್ರ ಎಂದು ಅವನು ತೀರ್ಮಾನಿಸಿದ. ಇನ್ನು ಕೊರೆದರೂ ಏನೂ ತಿಳಿಯದೆಂದು ಕೆಲಸವನ್ನು ನೂರು ಅಡಿಯೊಳಗೇ ನಿಲ್ಲಿಸಿಬಿಟ್ಟ. ಅದೇ ವರ್ಷಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ತಂಡಗಳು ಫುನಾಫುಟಿ ಎಂಬ ಅಟಾಲನ್ನು 1114 ಅಡಿಯವರೆಗೆ ಕೊರೆದವು. ಸಿಕ್ಕಿದ್ದೆಲ್ಲ ಸುಣ್ಣವೇ, ಕೆಳಗೆ ಜ್ವಾಲಾಮುಖಿಯ ಕಲ್ಲು ಮುಟ್ಟಲಿಲ್ಲ. ಡಾರ್ವಿನ್ನನ ಪಕ್ಷದವರು ಗೆದ್ದೆವೆಂದರು. ಅದು ದಿಬ್ಬದ ಇಳಿಜಾರಿನಲ್ಲಿ ಉರುಳಿ ಬಿದ್ದ ಕಲ್ಲಿನ ರಾಶಿಯಿರಬೇಕೆಂದು ಎದುರು ಪಕ್ಷದವರು ವಾದಿಸಿದರು.

1899ರಿಂದ 1900ರವರೆಗೆ ‘ಆಲ್ಬಟ್ರಾಸ್’ ಹಡಗಿನಲ್ಲಿ ಪೆಸಿಫಿಕ್ಕನ್ನು ಉದ್ದಕ್ಕೆ ಸುತ್ತಿ, ಟಹೀಟಿಯ ಸುತ್ತಲಿನ ದ್ವೀಪಗಳನ್ನೂ ಮಾರ್ಷಲ್ ದ್ವೀಪಗಳನ್ನೂ ಅವನು ಕಂಡ. ಉಳಿದುದು ಮಾಲ್ದೀವ್ಸ್ ಒಂದೇ. ಕೇಂಬ್ರಿಜಿನ ಸ್ಟ್ಯಾನ್ಲಿ ಗಾರ್ಡಿನರ್ ಸ್ವಲ್ಪ ಮೊದಲೇ ಮಿನಿಕಾಯ್ ಮತ್ತು ಮಾಲ್ದೀವ್ಸುಗಳಲ್ಲಿ ಕೆಲಸ ಮಾಡಿ ಹೋಗಿದ್ದ. ‘ಆಮ್ರಾ’ದಲ್ಲಿ ಅಟಾಲಿನಿಂದ ಅಟಾಲಿಗೆ ಸಾಗುತ್ತ ಅಗಾಸಿ ಕಾಲುವೆಗಳ ಆಳವನ್ನು ಅಳೆಸಿದ, ಚಿತ್ರಗಳನ್ನು ತೆಗೆಸಿದ. 1903ರಲ್ಲಿ ಮಾಲ್ದೀವ್ಸಿನ ಹವಳದಿಬ್ಬಗಳ ಬಗ್ಗೆ ಅವನ ಸಂಪುಟ ಪ್ರಕಟವಾಯಿತು. ಎಲ್ಲ ಯಾತ್ರೆಗಳ ಸಾರವನ್ನು ಹಿಂಡಿ, ಡಾರ್ವಿನ್ನನಿಗೆ ಅಂತಿಮ ಉತ್ತರವಾಗುವ ಒಂದು ಗ್ರಂಥವನ್ನು ಬರೆಯುವುದಷ್ಟೇ ಬಾಕಿಯಿತ್ತು. ವರದಿಗಳ ಮೇಲೆ ವರದಿಗಳು ಬಂದವು, ಆ ಗ್ರಂಥ ಮಾತ್ರ ಬರಲಿಲ್ಲ. ಪ್ರತಿ ದಿಬ್ಬಕ್ಕೂ ಅದರದೇ ಕಥೆಯಿದೆ ಎಂದು ಕಂಡುಕೊಂಡವನಿಗೆ ಎಲ್ಲ ದಿಬ್ಬಗಳಿಗೂ ಸಲ್ಲುವ ಒಂದು ಕಥೆ ಕೈಗೆ ಹತ್ತದೆ ಹೋಯಿತೇನೋ. ತಂದೆಯಂತೆ ಕಲ್ಪನೆಯ ರೆಕ್ಕೆ ಬಿಚ್ಚುವುದಕ್ಕೆ ಮನಸ್ಸು ಒಪ್ಪಲಿಲ್ಲವೇನೋ. 1910ರ ಮಾರ್ಚ್ 27ರಂದು, ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಮರಳುತ್ತಿದ್ದ ‘ಏಡ್ರಿಯಾಟಿಕ್’ ಹಡಗಿನಲ್ಲಿ, ನಡುಗಡಲಿನಲ್ಲೇ ಅವನ ಪ್ರಾಣ ಹೋಯಿತು. ಆಗ ಅವನಿಗೆ ಎಪ್ಪತ್ತನಾಲ್ಕು ವರ್ಷ.

ಮಾರ್ಷಲ್ ದ್ವೀಪಗಳ ಎನಿವೆಟಾಕ್ ಅಟಾಲನ್ನು 1952ರಲ್ಲಿ ಅಮೆರಿಕನ್ನರು ಕೊರೆದರು. ನಾಲ್ಕು ಸಾವಿರ ಅಡಿಗೂ ಆಳದವರೆಗೆ ಹವಳದ ಸುಣ್ಣ. ಅದರ ಕೆಳಗೆ ಜ್ವಾಲಾಮುಖಿಯ ಬಸಾಲ್ಟ್ ಕಲ್ಲು. ಕೆಲವೇ ದಿಬ್ಬಗಳನ್ನು ಕಂಡಿದ್ದ ಡಾರ್ವಿನ್ ಸರಿಯಾಗಿದ್ದ. ನೂರಾರು ದಿಬ್ಬಗಳನ್ನು ಕಂಡ ಅಗಾಸಿ ತಪ್ಪಿದ್ದ. ಆದರೂ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಹಿಮಯುಗಗಳಲ್ಲಿ ನೆಲದ ಮೇಲೆ ನೀರು ಹೆಪ್ಪುಗಟ್ಟಿದಾಗ ಕಡಲಿನ ಮಟ್ಟ ಸುಮಾರು 120 ಮೀಟರ್ ಇಳಿದಿತ್ತು. ಆಗ ಬಯಲಿಗೆ ಬಿದ್ದ ಹವಳದಿಬ್ಬಗಳನ್ನು ಮಳೆನೀರು ಕರಗಿಸಿತು. ಅಟಾಲುಗಳ ಒಳಗೊಳದ ಇಂದಿನ ರೂಪಕ್ಕೆ ಇದೂ ಕಾರಣವೆಂದು ಈಗಿನ ಹಲವು ವಿಜ್ಞಾನಿಗಳು ಹೇಳುತ್ತಾರೆ. ಸವೆತದ ಮೇಲೂ ಕರಗುವಿಕೆಯ ಮೇಲೂ ಅಗಾಸಿ ಇಟ್ಟಿದ್ದ ಭಾರ ಪೂರ್ತಿ ವ್ಯರ್ಥವಾಗಿರಲಿಲ್ಲ. ಅವನ ಲೆಕ್ಕದಲ್ಲಿ ಸೇರದೆ ಹೋದ ಅಂಶ ಹಿಮ. ಆ ಹಿಮದ ಕಥೆಯನ್ನು ಅವನಿಗೆ ಎರಡು ವರ್ಷ ತುಂಬುವ ಮೊದಲೇ ಲೋಕಕ್ಕೆ ಹೇಳಿದವನು ಅವನ ತಂದೆ.

1987ರಲ್ಲಿ ವಿಜ್ಞಾನಿಗಳ ಹಡಗೊಂದು ಮಾಲ್ದೀವ್ಸಿನ ಪೂರ್ವದ ಅಂಚಿನಲ್ಲಿ ಕಡಲ ತಳವನ್ನು ಕೊರೆದಾಗ ಅಲ್ಲಿಯೂ ಬಸಾಲ್ಟ್ ಸಿಕ್ಕಿತು. ಭೂಮಿಯೊಳಗಿನ ಯಾವ ಉರಿಯ ಮೂಲದಿಂದ ದಖನ್ನಿನ ಲಾವಾ ಉಕ್ಕಿ ಹರಿಯಿತೋ, ಅದೇ ಮೂಲದಿಂದ ಮುಂದಿನ ಕೋಟ್ಯಂತರ ವರ್ಷಗಳಲ್ಲಿ ಹುಟ್ಟಿದ ಕಲ್ಲು ಅದು. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮಿತ್ರರ ಹೊಲದಡಿಯ ಕರಿಗಲ್ಲೂ ‘ಆಮ್ರಾ’ ಹಾದುಹೋದ ಅಟಾಲುಗಳಡಿಯ ಕಲ್ಲೂ ಒಂದೇ ವಂಶದವು.