ಚದುರಂಗ ಪ್ರವೀಣ ಮೀರ್ ಸುಲ್ತಾನ್ ಖಾನ್

ಒಂದು ವಿದ್ಯೆಯಲ್ಲಿ ಹೆಸರು ಗಳಿಸಿದವರು ಅದೇ ವಿದ್ಯೆಯ ಮೊದಲ ಪಾಠಕ್ಕೆ ಮತ್ತೆ ಕುಳಿತುಕೊಳ್ಳುವುದು ಕಠಿಣವಾದ ಕಾರ್ಯ. ಅದಕ್ಕೆ ಬುದ್ಧಿಶಕ್ತಿಗಿಂತ ವಿನಯವೇ ಹೆಚ್ಚಾಗಿ ಬೇಕಾಗುತ್ತದೆ. ಅಂತಹ ವಿನಯದಿಂದ ವಿಶ್ವದ ಶ್ರೇಷ್ಠ ಆಟಗಾರರ ಸಾಲಿಗೇರಿದವರು ಮೀರ್ ಸುಲ್ತಾನ್ ಖಾನರು.

ಅವಿಭಜಿತ ಭಾರತದ ಪಂಜಾಬ ಪ್ರಾಂತದ ಮಿಠಾ ಟಿವಾನಾ ಎಂಬ ಗ್ರಾಮ ಅವರ ಹುಟ್ಟೂರು. ಅದು ಈಗ ಪಾಕಿಸ್ತಾನದಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯವರಿಂದ ದೇಶೀ ಚದುರಂಗವನ್ನು ಕಲಿತರು. ಇಪ್ಪತ್ತೊಂದರ ಹರೆಯಕ್ಕೆ ಪಂಜಾಬದಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲವೆಂಬ ಖ್ಯಾತಿ ಹಬ್ಬಿತು. ಆ ಪ್ರಾಂತದ ದೊಡ್ಡ ಜಮೀನುದಾರರಾಗಿದ್ದ ಸರ್ ಉಮರ್ ಹಯಾತ್ ಖಾನರು ಅವರಿಗೆ ತಮ್ಮಲ್ಲಿ ಆಶ್ರಯವಿತ್ತು, ಐರೋಪ್ಯ ಪದ್ಧತಿಯ ಆಟವನ್ನು ಕಲಿಸುವ ವ್ಯವಸ್ಥೆ ಮಾಡಿದರು.

ಈ ಎರಡು ಪದ್ಧತಿಗಳ ನಡುವಣ ಅಂತರ ಸಣ್ಣದಲ್ಲ. ದೇಶೀ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತದೆ. ಐರೋಪ್ಯ ಆಟದಲ್ಲಿ ಎರಡು ಮನೆ ನಡೆಯಬಹುದು. ದೇಶೀ ಆಟದಲ್ಲಿ ರಾಜನು ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯುತ್ತಾನೆ. ಐರೋಪ್ಯ ಆಟದಲ್ಲಿ ಆನೆಯೊಡನೆ ಕೋಟೆ ಕಟ್ಟಿಕೊಳ್ಳುತ್ತಾನೆ. ಒಂದರಲ್ಲಿ ಸೇನೆಗಳು ನಿಧಾನವಾಗಿ ಸಮೀಪಿಸಿದರೆ, ಇನ್ನೊಂದರಲ್ಲಿ ಕೆಲವೇ ನಡೆಗಳೊಳಗೆ ಹೋರಾಟ ಆರಂಭವಾಗುತ್ತದೆ.

ಆದರೆ ಆಟದ ಮೂಲ ತಂತ್ರಗಳು ಎರಡರಲ್ಲಿಯೂ ಒಂದೇ. ಒಂದು ಕುದುರೆ ರಾಜನಿಗೆ ಶಹ ಕೊಡುತ್ತಲೇ ಮಂತ್ರಿಯ ಮೇಲೂ ಎರಗುವುದು ಒಂದು ತಂತ್ರ. ರಾಜನ ಮುಂದೆ ನಿಂತ ಕಾಯಿಯು ಎದುರಾಳಿಯ ಆನೆಯ ಅಥವಾ ಒಂಟೆಯ ದಾರಿಗೆ ಸಿಕ್ಕಿ, ಕದಲಲಾರದೆ ಕಟ್ಟುಬೀಳುವಂತೆ ಮಾಡುವುದು ಇನ್ನೊಂದು. ಮುಂದಿನ ಕಾಯಿ ಸರಿದೊಡನೆ ಹಿಂದಿನ ಕಾಯಿಯ ದಾಳಿ ತೆರೆದುಕೊಳ್ಳುವುದು ಮತ್ತೊಂದು. ಇವುಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡಿದರೆ ಸಾಲದು. ಸಾವಿರಾರು ಆಟಗಳಲ್ಲಿ ಕಣ್ಣು ಪಳಗಬೇಕು. ಸುಲ್ತಾನ್ ಖಾನರ ಕಣ್ಣು ಬಾಲ್ಯದಿಂದಲೇ ಪಳಗಿತ್ತು. ಅವರಿಗಿದ್ದ ಕೊರತೆಯೆಂದರೆ ಆರಂಭದ ನಡೆಗಳ ಶಾಸ್ತ್ರ.

1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದ ಅವರು 1929ರಲ್ಲಿ ಪೋಷಕರೊಡನೆ ಲಂಡನ್ನಿಗೆ ತೆರಳಿದರು. ಅಲ್ಲಿ ಅವರ ಅಭ್ಯಾಸಕ್ಕೆಂದೇ ಏರ್ಪಡಿಸಿದ ಪಂದ್ಯಾವಳಿಯಲ್ಲಿ ಕೊನೆಯ ಸ್ಥಾನವನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳಬೇಕಾಯಿತು. ಭಾರತದ ಚಾಂಪಿಯನ್ನರಿಗೆ ಇದು ತಲೆತಗ್ಗಿಸುವ ಪ್ರಸಂಗ. ಆದರೆ ಅವರು ಎದೆಗುಂದಲಿಲ್ಲ. ತಮ್ಮನ್ನು ಹಿಂದಿಕ್ಕಿದ ವಿಂಟರ್ ಮತ್ತು ಯೇಟ್ಸ್ ಅವರ ಬಳಿಯಲ್ಲಿಯೇ ಅಭ್ಯಾಸಕ್ಕೆ ಕುಳಿತರು. ಅದೇ ವರ್ಷ ರಾಮ್ಸ್‌ಗೇಟ್‌ನಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದರು. 1932 ಮತ್ತು 1933ರಲ್ಲಿಯೂ ಆ ಪ್ರಶಸ್ತಿ ಅವರದಾಯಿತು.

ಅವರ ಕೀರ್ತಿಯ ಶಿಖರವೆಂದರೆ 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರ ಮೇಲೆ ಗಳಿಸಿದ ಜಯ. ಆ ಆಟದಲ್ಲಿ ಕಾಪಾಬ್ಲಾಂಕಾ ತಮ್ಮ ಎರಡು ಆನೆಗಳನ್ನು ತೆತ್ತು ಸುಲ್ತಾನ್ ಖಾನರ ಮಂತ್ರಿಯನ್ನು ಕೊಂಡರು. ಹೊಸದಾಗಿ ಕಲಿಯುವವನಿಗೆ ಮಂತ್ರಿಯನ್ನು ಕಳೆದುಕೊಂಡರೆ ಆಟವೇ ಮುಗಿದಂತೆ ತೋರುತ್ತದೆ. ಸುಲ್ತಾನ್ ಖಾನರು ಮಾತ್ರ ರಾಜನನ್ನು ಕಾಪಾಡಿಕೊಂಡು, ಎರಡು ಆನೆಗಳನ್ನೂ ಒಂದೇ ಸಾಲಿನಲ್ಲಿ ದುಡಿಸಿ, 65 ನಡೆಗಳಲ್ಲಿ ಗೆದ್ದರು. ಒಂಟಿ ಕಾಯಿಯ ಬಲಕ್ಕಿಂತ ಕಾಯಿಗಳ ಪರಸ್ಪರ ಸಹಕಾರ ದೊಡ್ಡದೆಂಬ ಪಾಠ ಅಭ್ಯಾಸಿಗಳಿಗೆ ಈ ಆಟದಲ್ಲಿ ದೊರೆಯುತ್ತದೆ.

ಇಂಗ್ಲೆಂಡಿನ ಚಳಿ ಅವರ ದೇಹಕ್ಕೆ ಒಗ್ಗಲಿಲ್ಲ. ಶೀತ, ಗಂಟಲುನೋವು, ಮಲೇರಿಯಾಗಳಿಂದ ಬಳಲುತ್ತ, ಎಷ್ಟೋ ಸಲ ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಆಡಿದರು. ಆದರೂ 1930, 1931 ಮತ್ತು 1933ರ ಒಲಿಂಪಿಯಾಡುಗಳಲ್ಲಿ ಇಂಗ್ಲೆಂಡಿನ ಮೊದಲ ಹಲಗೆಯ ಆಟಗಾರರಾಗಿ ಕುಳಿತರು. 1931ರಲ್ಲಿ ಪ್ರಾಗ್ ನಗರದಲ್ಲಿ ರೂಬಿನ್‌ಸ್ಟೈನ್ ಮತ್ತು ಫ್ಲೋರ್ ಅವರನ್ನು ಸೋಲಿಸಿದರು. ವಿಶ್ವ ಚಾಂಪಿಯನ್ ಅಲೆಖಿನ್ ಅವರೊಡನೆ ಸಮ ಮಾಡಿಕೊಂಡರು.

1933ರ ಕೊನೆಗೆ ಪೋಷಕರು ಸ್ವದೇಶಕ್ಕೆ ಮರಳಿದಾಗ ಸುಲ್ತಾನ್ ಖಾನರೂ ಮರಳಿದರು. 1935ರಲ್ಲಿ ಖಾಡಿಲ್ಕರರನ್ನು ಪಂದ್ಯದಲ್ಲಿ ಸೋಲಿಸಿದ ಬಳಿಕ ಚದುರಂಗ ಲೋಕ ಅವರನ್ನು ಮತ್ತೆ ಕಾಣಲಿಲ್ಲ. ಐದು ವರ್ಷಗಳೊಳಗೆ ಉನ್ನತಿಗೇರಿದ ಪ್ರತಿಭೆ ಬೆಳೆಯುವ ಕಾಲದಲ್ಲಿಯೇ ಅವಕಾಶವಿಲ್ಲದೆ ಮರೆಯಾಯಿತು. ಉಳಿದ ಆಯುಷ್ಯವನ್ನು ಹಳ್ಳಿಯ ಬದುಕಿನಲ್ಲಿ ಕಳೆದು 1966ರಲ್ಲಿ ಸರ್ಗೋಧಾದಲ್ಲಿ ನಿಧನ ಹೊಂದಿದರು. ಗ್ರ್ಯಾಂಡ್‌ಮಾಸ್ಟರ್ ಗೌರವ ಬಂದುದು 2024ರಲ್ಲಿ, ಅವರು ತೀರಿಕೊಂಡು 58 ವರ್ಷಗಳಾದ ಮೇಲೆ.

ಪ್ರತಿಭೆಯನ್ನು ಗುರುತಿಸಿದರೆ ಸಾಲದು, ಅದು ಕೊನೆಯವರೆಗೂ ಬೆಳೆಯುವಂತೆ ಆಸರೆಯಾಗಿ ನಿಲ್ಲಬೇಕು. ಇದು ಪೋಷಕರಿಗೆ ಈ ಜೀವನ ಕಲಿಸುವ ಪಾಠ. ಸೋಲಿಸಿದವರನ್ನೇ ಗುರುಗಳೆಂದು ಭಾವಿಸಿ ಮೊದಲ ಪಾಠಕ್ಕೆ ಕುಳಿತವನು ಮುಂದೆ ಗೆಲ್ಲಬಲ್ಲನೆಂಬುದು ವಿದ್ಯಾರ್ಥಿಗಳಿಗೆ ದೊರೆಯುವ ಪಾಠ.