ಎಲ್ಲ ಕಂಪ್ಯೂಟರಿಗೂ ಒಂದೇ ಮಾತು: ಗ್ರೇಸ್ ಹಾಪರ್

ನಮ್ಮ ಸಿಲೆಬಸ್ಸಿನಲ್ಲಿ ಕೋಬಾಲ್ ಇಲ್ಲ. ಸಿ, ಜಾವಾ, ಪೈಥಾನ್ ಕಲಿಯುವ ನಮಗೆ ಅದು ಅಜ್ಜಂದಿರ ಕಾಲದ ಭಾಷೆ. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ತಯಾರಿ ನಡೆಸುವಾಗ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮುಗಳಲ್ಲಿ ಅದು ಇನ್ನೂ ಓಡುತ್ತಿದೆ ಎಂದು ತಿಳಿಯಿತು. ಅರವತ್ತು ದಾಟಿದ ಭಾಷೆ ಸಾಯದೆ ಉಳಿದದ್ದು ಹೇಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಗ್ರೇಸ್ ಹಾಪರ್.

1906ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೇಸ್, ಏಳನೇ ವಯಸ್ಸಿಗೆ ಮನೆಯ ಅಲಾರಂ ಗಡಿಯಾರಗಳನ್ನೆಲ್ಲ ಬಿಚ್ಚಿ ಹಾಕಿದ ಹುಡುಗಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್.ಡಿ. ಮುಗಿಸಿ ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಲು ಹೊರಟರು. ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ತಕರಾರು ಬಂತು. ಪಟ್ಟು ಬಿಡದೆ ವಿನಾಯಿತಿ ಪಡೆದು 1944ರಲ್ಲಿ ಹಾರ್ವರ್ಡಿನ ಮಾರ್ಕ್-1 ಯಂತ್ರದ ಮುಂದೆ ನಿಂತರು. ಯಂತ್ರದೊಳಗೆ ಪತಂಗ ಸಿಕ್ಕ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ.

ಮುಂದೆ ಯುನಿವ್ಯಾಕ್ ತಯಾರಿಸುವ ಕಂಪನಿ ಸೇರಿ, 1952ರಲ್ಲಿ ಎ-0 ಕಂಪೈಲರ್, ನಂತರ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯುವ ಫ್ಲೋ-ಮ್ಯಾಟಿಕ್ ತಂದರು. ಆ ದಿನಗಳಲ್ಲಿ ಅವರು ಇಂಗ್ಲಿಷ್ ಪದಗಳ ಜಾಗದಲ್ಲಿ ಫ್ರೆಂಚ್, ಜರ್ಮನ್ ಪದಗಳನ್ನಿಟ್ಟು ತೋರಿಸಿದಾಗ, ಅಮೆರಿಕದ ಯಂತ್ರಕ್ಕೆ ಅವು ಅರ್ಥವಾಗುವುದುಂಟೇ ಎಂದು ಮೇಲಿನವರು ಗಾಬರಿಬಿದ್ದರಂತೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ಪ್ರಸಂಗ ಬಹಳ ಹಿಡಿಸಿತು. ಯಂತ್ರಕ್ಕೆ ಯಾವ ಭಾಷೆಯಾದರೇನು!

ನಿಜವಾದ ತಲೆನೋವು ಬೇರೆ ಇತ್ತು. ಒಂದು ಕಂಪನಿಯ ಕಂಪ್ಯೂಟರಿಗೆ ಬರೆದದ್ದು ಇನ್ನೊಂದರಲ್ಲಿ ಓಡದು. ಯಂತ್ರ ಬದಲಾದರೆ ಸಂಬಳದ ಪಟ್ಟಿಯಿಂದ ಗೋದಾಮಿನ ಲೆಕ್ಕದವರೆಗೆ ಎಲ್ಲವನ್ನೂ ಮತ್ತೆ ಬರೆಯಬೇಕು. ಬರೋಸ್ ಕಂಪನಿಯ ಮೇರಿ ಹಾಸ್ ಈ ಮಾತೆತ್ತಿದರು. 1959ರ ಏಪ್ರಿಲ್‌ನಲ್ಲಿ ನಡೆದ ಸಣ್ಣ ಸಭೆಯಲ್ಲಿ ಹಾಪರ್ ಕೂಡ ಇದ್ದರು. ಮೇ 28 ಮತ್ತು 29ರಂದು ಪೆಂಟಗನ್‌ನಲ್ಲಿ ಸುಮಾರು 40 ಜನ ಸೇರಿದರು. ಆರು ಕಂಪ್ಯೂಟರ್ ತಯಾರಕರು ಮತ್ತು ಮೂರು ಸರ್ಕಾರಿ ಸಂಸ್ಥೆಗಳ ಪ್ರತಿನಿಧಿಗಳ ಒಂದು ಸಮಿತಿಗೆ ತಾತ್ಕಾಲಿಕ ಭಾಷೆಯೊಂದನ್ನು ರೂಪಿಸುವ ಕೆಲಸ ಬಿತ್ತು. ತಾತ್ಕಾಲಿಕ ಎಂಬ ಪದವನ್ನು ದಯವಿಟ್ಟು ನೆನಪಿಡಿ.

ನಾಲ್ಕು ಜನರ ಮಿನಿ ಪ್ರಾಜೆಕ್ಟಿನಲ್ಲೇ ವೇರಿಯಬಲ್‌ಗೆ ಹೆಸರಿಡಲು ನಮ್ಮಲ್ಲಿ ಜಗಳವಾಗುತ್ತದೆ. ಅಲ್ಲಿ ಕುಳಿತವರೋ ಮಾರುಕಟ್ಟೆಯ ಎದುರಾಳಿಗಳು. ಹಾಪರ್ ಸಲಹೆಗಾರರಾಗಿ ಹೊರಗಿದ್ದರು. ಅವರ ಕಂಪನಿಯವರು ಒಳಗಿದ್ದರು. ಐಬಿಎಂನ ಕಾಮ್‌ಟ್ರಾನ್ ಆಗಿನ್ನೂ ಕಾಗದದ ಮೇಲಿತ್ತು, ಫ್ಲೋ-ಮ್ಯಾಟಿಕ್ ಆಗಲೇ ಕೆಲಸ ಮಾಡುತ್ತಿತ್ತು. ಹೊಸ ಭಾಷೆಯ ಬಹುಪಾಲು ಇದರಿಂದಲೇ ಬಂತು. ದೊಡ್ಡ ಜಗ್ಗಾಟ ನಡೆದದ್ದು ಲೆಕ್ಕ ಬರೆಯುವ ಬಗೆಗೆ. ಕೂಡು, ಕಳೆ ಎಂದು ಪದಗಳಲ್ಲೇ ಇರಲಿ, ಗುಮಾಸ್ತರಿಗೆ ಸೂತ್ರ ಬೇಡ ಎಂದು ಒಂದು ಗುಂಪು. ಸೂತ್ರವಿಲ್ಲದೆ ಲೆಕ್ಕವೇ ಎಂದು ಇನ್ನೊಂದು. ಕೊನೆಗೆ ಆ್ಯಡ್, ಸಬ್‌ಟ್ರ್ಯಾಕ್ಟ್ ಉಳಿದವು, ಸೂತ್ರ ಬೇಕಾದವರಿಗೆ ಕಂಪ್ಯೂಟ್ ಎಂಬ ಪದವೂ ಸೇರಿತು. ಒಂದೇ ಕೆಲಸಕ್ಕೆ ಎರಡು ದಾರಿ ಎಂದರೆ ಎಂಜಿನಿಯರಿಂಗ್ ಕಣ್ಣಿಗೆ ಅಂದವಲ್ಲ. ಡೈಕ್‌ಸ್ಟ್ರಾರಂಥವರು ಕೋಬಾಲನ್ನು ಮುಂದೆ ಕಟುವಾಗಿ ಜರೆದರು. ಆದರೆ ಅಂದಕ್ಕಾಗಿ ಹಟ ಹಿಡಿದಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು ಎಂದೇ ನನಗನ್ನಿಸುತ್ತದೆ.

ನಡುವೆ ನಂಬಿಕೆ ಕಳೆದುಕೊಂಡವರೂ ಇದ್ದರು. ಆರ್‌ಸಿಎ ಕಂಪನಿಯ ಹೊವಾರ್ಡ್ ಬ್ರೊಂಬರ್ಗ್ ಕೋಬಾಲ್ ಎಂದು ಕೆತ್ತಿಸಿದ ಸಮಾಧಿ ಕಲ್ಲನ್ನು ಪೆಂಟಗನ್‌ನ ಅಧಿಕಾರಿಯೊಬ್ಬರಿಗೆ ಕಳಿಸಿಬಿಟ್ಟರು! ಆದರೂ 1960ರ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ ಆರ್‌ಸಿಎ ಮತ್ತು ಯುನಿವ್ಯಾಕ್ ಯಂತ್ರಗಳೆರಡರಲ್ಲೂ ಓಡಿತು. ಬರೀ ಒಳ್ಳೆಯ ಮನಸ್ಸಿನಿಂದ ಇದಾಗಲಿಲ್ಲ. ಕೋಬಾಲ್ ಇಲ್ಲದ ಕಂಪ್ಯೂಟರನ್ನು ಸಾಮಾನ್ಯವಾಗಿ ಕೊಳ್ಳುವುದಿಲ್ಲ ಎಂದು ರಕ್ಷಣಾ ಇಲಾಖೆ ಹೇಳಿದ್ದು ತಯಾರಕರ ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು.

ಒಪ್ಪಂದ ಕಾಗದದಲ್ಲಿದ್ದರೆ ಸಾಲದು. ಪ್ರತಿ ತಯಾರಕರೂ ತಮ್ಮ ಕೋಬಾಲಿಗೆ ತಮ್ಮದೇ ಒಗ್ಗರಣೆ ಹಾಕತೊಡಗಿದರು. 1966ರಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಾಪರ್‌ರನ್ನು ಮರುವರ್ಷವೇ ಆರು ತಿಂಗಳಿಗೆಂದು ವಾಪಸ್ ಕರೆಸಿಕೊಂಡರು. ಅವರ ತಂಡ ಕಂಪೈಲರ್‌ಗಳನ್ನು ತಪಾಸಣೆ ಮಾಡುವ ಪ್ರೋಗ್ರಾಂಗಳನ್ನು ಬರೆಯಿತು: ನಿಮ್ಮದು ನಿಜವಾಗಿ ಕೋಬಾಲೇ ಎಂದು ಓಡಿಸಿ ನೋಡುವ ಪರೀಕ್ಷೆ. ಮೊದಲ ಕಂಪೈಲರಿಗಿಂತ ಇದೇ ಅವರ ದೊಡ್ಡ ಕೆಲಸ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಚಪ್ಪಾಳೆ ಸಿಗುವುದಿಲ್ಲ, ನಮ್ಮ ಕಾಲೇಜುಗಳಲ್ಲೂ ಟೆಸ್ಟಿಂಗ್ ಎಂದರೆ ಮೂಗು ಮುರಿಯುವವರೇ ಹೆಚ್ಚು.

ಆ ಆರು ತಿಂಗಳು ಎಳೆದು ಎಳೆದು 1986ಕ್ಕೆ ಮುಗಿಯಿತು. ರಿಯರ್ ಅಡ್ಮಿರಲ್ ಆಗಿ, 79ನೇ ವಯಸ್ಸಿನಲ್ಲಿ, ಬಾಸ್ಟನ್‌ನ ಹಳೆಯ ಯುದ್ಧನೌಕೆಯೊಂದರ ಮೇಲೆ ಅವರು ಬೀಳ್ಕೊಡುಗೆ ಪಡೆದರು. ಮರುದಿನಗಳಲ್ಲೇ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಸಲಹೆಗಾರರಾದರು. 1992ರ ಜನವರಿ 1ರಂದು ತೀರಿಕೊಂಡರು. ಅವರು ಕಾವಲು ಕಾಯ್ದ ಆ ತಾತ್ಕಾಲಿಕ ಭಾಷೆಯ ಮಾನದಂಡ ಕೊನೆಯ ಬಾರಿ ಪರಿಷ್ಕರಣೆಯಾದದ್ದು 2023ರಲ್ಲಿ. ಆ್ಯಡ್ ಮತ್ತು ಕಂಪ್ಯೂಟ್ ಎರಡೂ ಅದರಲ್ಲಿ ಇನ್ನೂ ಅಕ್ಕಪಕ್ಕದಲ್ಲೇ ಇವೆ.